ಪುಟ್ಟ ಪರದೆಯಲ್ಲಿ ‘ನೀರು’ ಅಂತ ಬರೆಸೋದು ಹೇಗೆ?

ಹಿತ್ತಲಮನೆ · ಶನಿವಾರ, ರಾತ್ರಿ 9:12

ಎಲ್ಲರಿಗೂ ನಮಸ್ಕಾರ. ಕೆಲಸ ಮುಕ್ಕಾಲು ಮುಗಿದಿದೆ, ದಡದ ಹತ್ತಿರ ಬಂದು ಸಿಕ್ಕಿಹಾಕಿಕೊಂಡಿದ್ದೇನೆ.

ನಮ್ಮದು ತೀರ್ಥಹಳ್ಳಿ ಕಡೆ. ಮನೆ ಹಿಂದಿನ ಗುಡ್ಡದ ಮೇಲೆ ಸಾವಿರ ಲೀಟರ್ ಟ್ಯಾಂಕ್ ಇದೆ. ನೀರು ಎಷ್ಟಿದೆ ಎಂದು ನೋಡಲು ಅಮ್ಮ ದಿನಕ್ಕೆ ಎರಡು ಸಲ ಹತ್ತಿ ಇಳಿಯುತ್ತಾರೆ. ಮಳೆಗಾಲದಲ್ಲಿ ಆ ಮೆಟ್ಟಿಲೆಲ್ಲ ಪಾಚಿ. ಹೋದ ವರ್ಷ ಜಾರಿ ಕೈ ಉಳುಕಿಸಿಕೊಂಡರು. ಅದಕ್ಕೇ ಅಡುಗೆಮನೆಯಲ್ಲೇ ನೀರಿನ ಮಟ್ಟ ತೋರಿಸುವ ಈ ಡಬ್ಬಿ ಮಾಡಲು ಕೂತೆ.

ಟ್ಯಾಂಕಿನ ಮುಚ್ಚಳದಲ್ಲಿ ವಾಟರ್‌ಪ್ರೂಫ್ ಅಲ್ಟ್ರಾಸಾನಿಕ್ ಸೆನ್ಸರ್ (ಶಬ್ದದ ಮಾರ್ದನಿಯಿಂದ ದೂರ ಅಳೆಯುವಂಥದ್ದು), ಪಕ್ಕದಲ್ಲಿ ಆರ್ಡುಯಿನೊ ನ್ಯಾನೊ ಎಂಬ ಪುಟ್ಟ ಕಂಪ್ಯೂಟರ್ ಬೋರ್ಡು. ಅಲ್ಲಿಂದ ಅಡುಗೆಮನೆಗೆ 40 ಮೀಟರ್ ವೈರ್, ಎರಡೂ ತುದಿಗೆ ಸಂಕೇತವನ್ನು ದೂರ ಸಾಗಿಸುವ ಮ್ಯಾಕ್ಸ್485 ಚಿಪ್. ಅಡುಗೆಮನೆಯಲ್ಲಿ ಇನ್ನೊಂದು ಬೋರ್ಡು ಆರ್ಡುಯಿನೊ ಊನೊ ಮತ್ತು ಸಾಲಿಗೆ 16 ಅಕ್ಷರದ, ಎರಡು ಸಾಲಿನ (16×2) ಎಲ್‌ಸಿಡಿ. ಇಷ್ಟೂ ನಡೆಯುತ್ತಿದೆ. ‘ಹಲೋ’ ಅಂತ ಇಂಗ್ಲಿಷಿನಲ್ಲಿ ಬಂತು, ಖುಷಿಯಾಯಿತು.

ಅಮ್ಮನಿಗೆ ಇಂಗ್ಲಿಷ್ ಬರುವುದಿಲ್ಲ. ಅದಕ್ಕೆ ಕೋಡಿನಲ್ಲಿ ‘ನೀರು’ ಎಂದು ಕನ್ನಡದಲ್ಲೇ ಹಾಕಿದೆ. ಪರದೆಯಲ್ಲಿ ಏನೇನೋ ಬರುತ್ತಿದೆ. ಮೀನಿನ ಹಾಗಿರುವ ಒಂದು ಗುರುತು, ಆಮೇಲೆ ಚೀನೀಯೋ ಜಪಾನಿಯೋ ಗೀಚು, ಮತ್ತೆ ಮೀನು. ಎಣಿಸಿದೆ: ಒಟ್ಟು ಹತ್ತು ಗುರುತು, ನಡುವೆ ಒಂದು ಖಾಲಿ ಜಾಗ. ಎರಡಕ್ಷರಕ್ಕೆ ಹತ್ತು ಗುರುತು ಯಾಕೆ? ಕೋಡಿಗೆ ಸೇರಿಸಿಕೊಂಡ ಲೈಬ್ರರಿ (ಬೇರೆಯವರು ಬರೆದ ಸಿದ್ಧ ಕೋಡು) ತಪ್ಪೋ, ಪರದೆಯೇ ಕೆಟ್ಟಿದೆಯೋ?

ಬೆಸುಗೆಕೋಲು · ಶನಿವಾರ, ರಾತ್ರಿ 9:40

ಪರದೆ ಕೆಟ್ಟಿಲ್ಲ. ಹೇಳಿದ್ದನ್ನು ಹೇಳಿದ ಹಾಗೆ ಮಾಡುತ್ತಿದೆ ಪಾಪ.

ಅದರ ಹಿಂದಿರುವುದು ಹಿಟಾಚಿಯ ಎಚ್‌ಡಿ44780 ಅಥವಾ ಅದರ ನಕಲು. 1980ರ ದಶಕದ ಚಿಪ್. ಅಕ್ಷರಗಳ ಅಚ್ಚು ಅದರೊಳಗೇ ಇರುತ್ತದೆ. ನಮ್ಮಲ್ಲಿ ಸಿಗುವ ಹೆಚ್ಚಿನವುಗಳಲ್ಲಿ ಇರುವುದು ಇಂಗ್ಲಿಷ್, ಜಪಾನಿನ ಕಟಕಾನ ಮತ್ತು ಒಂದಿಷ್ಟು ಗ್ರೀಕ್. ಒಂದು ಬೈಟ್ (0ಯಿಂದ 255ರೊಳಗಿನ ಒಂದು ಸಂಖ್ಯೆ) ಕೊಟ್ಟರೆ ಒಂದು ಗುರುತು, ಅಷ್ಟೇ ಅದರ ಲೆಕ್ಕ.

ಕನ್ನಡ ಹಾಗಲ್ಲ. ‘ನೀರು’ ನಮ್ಮ ಕಣ್ಣಿಗೆ ಎರಡಕ್ಷರ. ಎಲ್ಲ ಭಾಷೆಯ ಅಕ್ಷರಕ್ಕೂ ನಂಬರ್ ಕೊಡುವ ಯೂನಿಕೋಡ್‌ಗೆ ನಾಲ್ಕು: ನ, ದೀರ್ಘದ ಗುರುತು, ರ, ಕೊಂಬು. ಆ ನಂಬರನ್ನು ಬೈಟುಗಳಾಗಿ ಬರೆಯುವ ಯುಟಿಎಫ್-8ರಲ್ಲಿ ಒಂದೊಂದಕ್ಕೂ ಮೂರು ಬೈಟ್. ಒಟ್ಟು ಹನ್ನೆರಡು. ಸಾಲಾಗಿ ಬರೆದರೆ ಹೀಗೆ:

224 178 168 · 224 179 128 · 224 178 176 · 224 179 129

ಕನ್ನಡದ ಯಾವ ಅಕ್ಷರ ತೆಗೆದುಕೊಂಡರೂ ಮೊದಲ ಬೈಟ್ 224. ಆ ಚಿಪ್‌ನಲ್ಲಿ 224 ಎಂದರೆ ಗ್ರೀಕಿನ ಆಲ್ಫಾ. ನಿಮ್ಮ ಮೀನು ಅದೇ. 178, 179 ಕಟಕಾನ. 128 ಮತ್ತು 129ರಲ್ಲಿ ಏನೂ ಇಲ್ಲ, ಖಾಲಿ ಮನೆ. ನಡುವಿನ ಖಾಲಿ ಜಾಗ ನಿಮಗೆ ಕಾಣಿಸಿತು. ಕೊನೆಯಲ್ಲೂ ಒಂದಿದೆ, ಅದು ಕೊನೆಯಾದ್ದರಿಂದ ಕಾಣಲಿಲ್ಲ. ಹತ್ತು ಮತ್ತು ಎರಡು, ಹನ್ನೆರಡಾಯಿತು.

ಹಿತ್ತಲಮನೆ · ಶನಿವಾರ, ರಾತ್ರಿ 9:51

ಅಯ್ಯೋ, ಮತ್ತೆ ಹೋಗಿ ನೋಡಿದೆ. ಮೀನು ನಾಲ್ಕೇ ಇವೆ! ಒಂದೊಂದು ತುಂಡಿಗೂ ಒಂದು. ಎರಡು ದಿನ ವೈರ್ ಅಲ್ಲಾಡಿಸುತ್ತಾ ಕೂತಿದ್ದೆ ಸುಮ್ನೆ.

ಸಂತೆಬೀದಿ · ಶನಿವಾರ, ರಾತ್ರಿ 10:20

ಆ ಎಲ್‌ಸಿಡಿಯಲ್ಲಿ ನಾವೇ ಬರೆದುಕೊಳ್ಳಲು ಎಂಟು ಮನೆ ಕೊಟ್ಟಿದ್ದಾರೆ. ಒಂದೊಂದು 5×8 ಚುಕ್ಕೆ. ನಾನು ಒಮ್ಮೆ ಪ್ರಯತ್ನಿಸಿದ್ದೆ. ‘ನೀ’ಗೆ ಎರಡು ಮನೆ, ‘ರು’ಗೆ ಎರಡು ಮನೆ. ಬರುತ್ತದೆ, ಆದರೆ ಮನೆ ಮನೆಗಳ ನಡುವೆ ಸಣ್ಣ ಸಂದು ಇದೆಯಲ್ಲ, ಅಕ್ಷರ ಅಲ್ಲಿ ಕತ್ತರಿಸಿ ಹೋಗುತ್ತದೆ. ಕಿಟಕಿ ಸರಳಿನ ಹಿಂದೆ ನಿಂತವರ ಮುಖ ನೋಡಿದ ಹಾಗೆ. ಅದೂ ಅಲ್ಲದೆ ಎರಡು ಪದಕ್ಕೆ ಎಂಟೂ ಮುಗಿದವು.

ಪಿನ್‌ಹದಿಮೂರು · ಶನಿವಾರ, ರಾತ್ರಿ 11:05

ಬೇಜಾರು ಮಾಡಿಕೊಳ್ಳಬೇಡಿ, ಒಂದು ಮಾತು. ಇಷ್ಟೆಲ್ಲ ಯಾಕೆ? ಹಸಿರು, ಹಳದಿ, ಕೆಂಪು ಮೂರು ಎಲ್‌ಇಡಿ, ಮೂರು 220 ಓಮ್ ರೆಸಿಸ್ಟರ್. ಹಸಿರು ಇದ್ದರೆ ನೀರಿದೆ, ಕೆಂಪು ಇದ್ದರೆ ಇಲ್ಲ. ಹತ್ತು ನಿಮಿಷದ ಕೆಲಸ. ಕೆಡುವುದಕ್ಕೂ ಏನೂ ಇಲ್ಲ.

ಹಿತ್ತಲಮನೆ · ಭಾನುವಾರ, ಬೆಳಿಗ್ಗೆ 7:30

ಮೊದಲು ಅದನ್ನೇ ಮಾಡಿದ್ದೆ. ನಮ್ಮ ಅಡುಗೆಮನೆ ಗೋಡೆಯಲ್ಲಿ ಈಗಾಗಲೇ ಇನ್ವರ್ಟರ್‌ಗೆ ಕೆಂಪು-ಹಸಿರು, ಸ್ಟೆಬಿಲೈಸರ್‌ಗೆ ಕೆಂಪು-ಹಸಿರು, ನೀರಿನ ಫಿಲ್ಟರ್‌ಗೂ ಕೆಂಪು-ಹಸಿರು. ಒಂದರಲ್ಲಿ ಕೆಂಪು ಎಂದರೆ ಚಾರ್ಜ್ ಆಗುತ್ತಿದೆ ಎಂದು ಅರ್ಥ, ಇನ್ನೊಂದರಲ್ಲಿ ಕೆಟ್ಟಿದೆ ಎಂದು. ಅಮ್ಮ ನೋಡಿ, “ನೀನು ಊರಿಗೆ ಬಂದಾಗ ಇದೆಲ್ಲ ಏನು ಅಂತ ಹೇಳು, ಅಲ್ಲಿವರೆಗೆ ನಾನು ಗುಡ್ಡ ಹತ್ತುತ್ತೇನೆ” ಎಂದರು. ಅವರು ದಿನಾ ಪೇಪರ್ ಅನ್ನು ತಲೆಬರಹದಿಂದ ಶ್ರದ್ಧಾಂಜಲಿವರೆಗೆ ಓದುವವರು. ಓದಲು ಬರುವವರಿಗೆ ದೀಪದ ಬಣ್ಣ ಬಾಯಿಪಾಠ ಮಾಡಿಸುವುದು ಯಾಕೆ?

ನೆಲ್ಲಿಕಾಯಿಪೈ · ಭಾನುವಾರ, ಬೆಳಿಗ್ಗೆ 10:15

ಊನೊ ಬಿಡಿ. ರಾಸ್ಪ್‌ಬೆರಿ ಪೈ ಪಿಕೊ ಬೋರ್ಡು ತಗೊಳ್ಳಿ. ಊನೊದಲ್ಲಿ ರ‍್ಯಾಮ್ (ಕೆಲಸ ಮಾಡುವಾಗಿನ ಮೆಮೊರಿ) 2 ಕೆಬಿ, ಪಿಕೊದಲ್ಲಿ 264 ಕೆಬಿ. ಪುಟ್ಟ ಬೋರ್ಡುಗಳಿಗೆಂದೇ ಇರುವ ಪೈಥಾನ್ ಭಾಷೆ, ಮೈಕ್ರೊಪೈಥಾನ್ ಹಾಕಿ. ಅದಕ್ಕೆ ಯೂನಿಕೋಡ್ ಗೊತ್ತು, ಕನ್ನಡ ಸ್ಟ್ರಿಂಗ್ (ಪಠ್ಯ) ನೇರವಾಗಿ ಬರೆಯಬಹುದು.

ಚುಕ್ಕೆರಂಗೋಲಿ · ಭಾನುವಾರ, ಬೆಳಿಗ್ಗೆ 11:02

ಬರೆಯಬಹುದು, ಪರದೆಗೆ ಬರುವುದಿಲ್ಲ. ಪಿಕೊದಲ್ಲಿ ನಾನೇ ಮಾಡಿ ಸೋತಿದ್ದೇನೆ. ಮೈಕ್ರೊಪೈಥಾನ್‌ನ ಪರದೆಗೆ ಬರೆಯುವ ಭಾಗ, ಫ್ರೇಮ್‌ಬಫ್ ಒಳಗಿರುವುದು 8×8ರ ಇಂಗ್ಲಿಷ್ ಅಕ್ಷರ ಮಾತ್ರ. ಸ್ಟ್ರಿಂಗ್ ಕನ್ನಡದಲ್ಲಿ ಇದೆ ಎಂದು ಅದಕ್ಕೆ ಗೊತ್ತು, ಆದರೆ ಕನ್ನಡ ಹೇಗೆ ಕಾಣುತ್ತದೆ ಎಂದು ಗೊತ್ತಿಲ್ಲ.

ಇಲ್ಲಿ ತೊಡಕು ಮೆಮೊರಿಯದ್ದಲ್ಲ. ಒಂದು ಕನ್ನಡ ಫಾಂಟನ್ನೇ ತುರುಕಿದಿರಿ ಅಂದುಕೊಳ್ಳಿ. ಟ್ಯಾಂಕಿಗೆ ಬೇಕಾದ ಪದವನ್ನೇ ನೋಡಿ: ‘ಅರ್ಧ’. ಕಂಪ್ಯೂಟರಿಗೆ ಹೋಗುವ ಕ್ರಮ ಅ, ರ, ವಿರಾಮ (ಅರ್ಧಾಕ್ಷರದ ಗುರುತು), ಧ. ಕಾಗದದ ಮೇಲೆ ನಾವು ಬರೆಯುವುದು ಅ, ಧ, ಆಮೇಲೆ ಅರ್ಕಾವೊತ್ತು. ಮೊದಲು ಉಚ್ಚರಿಸಿದ ರ ಕೊನೆಗೆ ಹೋಗಿ ಕೂರುತ್ತದೆ. ‘ಮುಕ್ಕಾಲು’ ತೆಗೆದುಕೊಳ್ಳಿ. ಎಂಟು ತುಂಡು, 24 ಬೈಟ್. ಎರಡನೇ ಕ ಕೆಳಗಿಳಿದು ಒತ್ತಾಗಬೇಕು, ಅದರ ದೀರ್ಘ ಮಾತ್ರ ಮೇಲಿನ ಕಕ್ಕೆ ಅಂಟಬೇಕು. ಒಂದಾದ ಮೇಲೊಂದು ಅಕ್ಷರ ಜೋಡಿಸುತ್ತಾ ಹೋಗುವ ಪುಟ್ಟ ಲೈಬ್ರರಿಗೆ ಇದು ತಿಳಿಯುವುದಿಲ್ಲ. ಫೋನಿನಲ್ಲಿ, ಲ್ಯಾಪ್‌ಟಾಪಿನಲ್ಲಿ ಈ ಕೆಲಸಕ್ಕೆಂದೇ ಹಾರ್ಫ್‌ಬಜ್‌ನಂಥ ತಂತ್ರಾಂಶ ಕೂತಿರುತ್ತದೆ. ಅದನ್ನು ಪುಟ್ಟ ಬೋರ್ಡಿಗೆ ಹತ್ತಿಸಲು ಹೋಗಬೇಡಿ. ಹತ್ತಿಸಿದವರು ಇರಬಹುದು, ಆದರೆ ನಿಮಗೆ ಬೇಕಿರುವುದು ಐದಾರು ಪದ.

ಹಾಗಾಗಿ ಬರೆಸಬೇಡಿ, ಚಿತ್ರ ಮಾಡಿ. ಪದ ಜೋಡಿಸುವ ಕಷ್ಟ ಲ್ಯಾಪ್‌ಟಾಪ್ ಪಡಲಿ. ಬೋರ್ಡಿಗೆ ಸಿದ್ಧ ಚಿತ್ರ ಕೊಡಿ. ಅದಕ್ಕೆ ಅದು ‘ಅರ್ಧ’ವೋ ಆನೆಯೋ ಗೊತ್ತಾಗಬೇಕಿಲ್ಲ.

ಚಿತ್ರ ತಿದ್ದುವ ತಂತ್ರಾಂಶ ಜಿಂಪ್ ಇದ್ದರೆ ಸಾಕು. 84×24 ಚುಕ್ಕೆಯ ಹೊಸ ಚಿತ್ರ ತೆರೆದು, ನೋಟೊ ಸಾನ್ಸ್ ಕನ್ನಡ ಬೋಲ್ಡ್‌ನಲ್ಲಿ ಪದ ಟೈಪ್ ಮಾಡಿ. ಅಂಚು ನಯಗೊಳಿಸುವ ಆಂಟಿಅಲಿಯಾಸಿಂಗ್ ಗುರುತು ತೆಗೆಯಿರಿ. ಕಪ್ಪು-ಬಿಳುಪು ಎರಡೇ ಬಣ್ಣಕ್ಕೆ ಇಳಿಸಿ, ಎಕ್ಸ್‌ಬಿಎಂ ಎಂಬ ಚಿತ್ರ ಮಾದರಿಗೆ ಎಕ್ಸ್‌ಪೋರ್ಟ್ ಮಾಡಿ. ಆ ಕಡತವನ್ನು ನೋಟ್‌ಪ್ಯಾಡಿನಲ್ಲಿ ತೆರೆದರೆ ನೇರ ಸಿ ಭಾಷೆಯ ಅರೇ (ಸಂಖ್ಯೆಗಳ ಪಟ್ಟಿ) ಇರುತ್ತದೆ. ಪರದೆಗೆ ಚಿತ್ರ ಹಾಕುವ ಯು8ಜಿ2 ಲೈಬ್ರರಿ ಅದನ್ನು ಹಾಗೇ ನುಂಗುತ್ತದೆ.

ಪರದೆ ಮಾತ್ರ ಬದಲಾಯಿಸಬೇಕು, ಚುಕ್ಕೆ ಚುಕ್ಕೆ ಬೆಳಗುವಂಥದ್ದು ಬೇಕು. 128×64ರ ಒಎಲ್‌ಇಡಿ, ಇಲ್ಲವೇ ಹಳೆಯ ನೋಕಿಯಾ 5110 ಫೋನಿನ 84×48 ಪರದೆ. ಎರಡೂ ಬೆಂಗಳೂರಿನ ಎಸ್‌.ಪಿ. ರೋಡಿನಲ್ಲಿ ಸಿಗುತ್ತವೆ.

ಸಂತೆಬೀದಿ · ಭಾನುವಾರ, ಬೆಳಿಗ್ಗೆ 11:20

ಒಂದು ಸೇರಿಸುತ್ತೇನೆ. ಜಿಂಪ್‌ನಿಂದ ಬಂದ ಅಕ್ಷರವನ್ನು ಹಾಗೇ ಬಿಡಬೇಡಿ. ಸಣ್ಣ ಅಳತೆಯಲ್ಲಿ ತಲೆಕಟ್ಟು ಒಡೆದಿರುತ್ತದೆ, ‘ಧ’ದ ಹೊಟ್ಟೆ ಸೀಳು ಮುಚ್ಚಿ ‘ದ’ ಆಗಿರುತ್ತದೆ. ಎಂಟು ಪಟ್ಟು ದೊಡ್ಡದು ಮಾಡಿಕೊಂಡು ಪೆನ್ಸಿಲ್‌ನಿಂದ ಚುಕ್ಕೆ ಚುಕ್ಕೆ ತಿದ್ದಿ. ಐದು ಪದಕ್ಕೆ ಅರ್ಧ ಗಂಟೆ. ಈ ಕೆಲಸದಲ್ಲಿ ನನಗೆ ಅತಿ ಇಷ್ಟವಾದದ್ದು ಅದೇ ಅರ್ಧ ಗಂಟೆ.

ಹಿತ್ತಲಮನೆ · ಮುಂದಿನ ಶನಿವಾರ, ಸಂಜೆ 6:48

ಒಎಲ್‌ಇಡಿ ತಂದೆ. ಬಂತು ಕನ್ನಡ! ಆದರೆ ಹೇಗೆ ಬಂತು ಕೇಳಿ.

ಲ್ಯಾಪ್‌ಟಾಪಿನಲ್ಲಿ ಜಿಂಪ್ ಇರಲಿಲ್ಲ. ಸೋಮಾರಿತನದಿಂದ ಚಿತ್ರವನ್ನು ಅರೇ ಮಾಡಿಕೊಡುವ ಯಾವುದೋ ಆನ್‌ಲೈನ್ ಯಂತ್ರ ಬಳಸಿದೆ. ಪದ ಅದೇ ಅಗಲ, ಅದೇ ಎತ್ತರ, ಓದಲು ಮಾತ್ರ ಆಗುವುದಿಲ್ಲ. ಅಂಗಡಿ ಮುಂದಿನ ಹಲಗೆ ಬಾಗಿಲನ್ನು ಒಂದೊಂದೇ ಹಲಗೆ ಹಿಂದುಮುಂದು ಮಾಡಿ ಜೋಡಿಸಿದರೆ ಅದರ ಮೇಲಿನ ಬೋರ್ಡು ಹೇಗೆ ಕಾಣುತ್ತದೋ ಹಾಗೆ.

ಚುಕ್ಕೆರಂಗೋಲಿ · ಶನಿವಾರ, ಸಂಜೆ 7:05

ಎಂಟೆಂಟು ಚುಕ್ಕೆಗೆ ಒಂದು ಹಲಗೆ, ಸರಿ ತಾನೆ? ಆ ಹಲಗೆ ಒಂದು ಬೈಟ್, ಒಂದು ಚುಕ್ಕೆಗೆ ಅದರ ಒಂದು ಬಿಟ್. ಎಕ್ಸ್‌ಬಿಎಂನಲ್ಲಿ ಬೈಟಿನ ಕೊನೆಯ ಬಿಟ್ ಎಡಗಡೆ ಚುಕ್ಕೆ. ಆ ಯಂತ್ರ ಕೊಟ್ಟಿದ್ದು ಉಲ್ಟಾ, ಮೊದಲ ಬಿಟ್ ಎಡಗಡೆ. ಯಂತ್ರದಲ್ಲಿ ಬಿಟ್ ಕ್ರಮ ತಿರುಗಿಸುವ ಆಯ್ಕೆ ಇದ್ದರೆ ಒತ್ತಿ. ಇಲ್ಲದಿದ್ದರೆ ಜಿಂಪ್ ಹಾಕಿಕೊಳ್ಳಿ ಮಾರಾಯರೇ.

ಹಿತ್ತಲಮನೆ · ಭಾನುವಾರ, ರಾತ್ರಿ 8:30

ಜಿಂಪ್ ಹಾಕಿದೆ, ಸರಿಯಾಯಿತು. ಆಮೇಲೆ ಒಎಲ್‌ಇಡಿಯೇ ಕೈಕೊಟ್ಟಿತು. ನಮ್ಮ ಅಡುಗೆಮನೆ ಬಾಗಿಲು ಪೂರ್ವಕ್ಕೆ. ಬೆಳಿಗ್ಗೆ ಏಳಕ್ಕೆ ಬಿಸಿಲು ನೇರ ಪರದೆಗೆ ಬೀಳುತ್ತದೆ, ಬರೀ ಕಪ್ಪು ಗಾಜು ಕಾಣುತ್ತದೆ. ಅಮ್ಮ ನೀರು ನೋಡುವುದು ಅದೇ ಹೊತ್ತಿಗೆ. ಆದ್ದರಿಂದ ನೋಕಿಯಾ ಪರದೆಗೆ ಬದಲಾಯಿಸಿದೆ. ಬಿಸಿಲು ಜಾಸ್ತಿ ಬಿದ್ದಷ್ಟೂ ಚೆನ್ನಾಗಿ ಕಾಣುತ್ತದೆ.

ಈಗ ಹೊಸ ಗೋಳು. ಪದಗಳು ಐದು: ತುಂಬಿದೆ, ಮುಕ್ಕಾಲು, ಅರ್ಧ, ಕಾಲು, ಖಾಲಿ. ಒಂದು, ಎರಡು ಪದ ಹಾಕಿದಾಗ ಸರಿ ಇತ್ತು. ಐದೂ ಹಾಕಿದರೆ ಜಾಗ ಸಾಲದು ಎಂದು ಕೋಡನ್ನು ಬೋರ್ಡಿನ ಭಾಷೆಗೆ ಇಳಿಸುವ ಕಂಪೈಲರ್ ಕೈ ಎತ್ತುತ್ತಿದೆ. 32 ಕೆಬಿ ಇದೆಯಲ್ಲ?

ಬೆಸುಗೆಕೋಲು · ಭಾನುವಾರ, ರಾತ್ರಿ 8:55

32 ಕೆಬಿ ಇರುವುದು ಫ್ಲ್ಯಾಶ್, ಕೋಡು ಕೂರುವ ಜಾಗ. ರ‍್ಯಾಮ್ 2048 ಬೈಟ್. ಲೆಕ್ಕ ಹಾಕೋಣ. 84 ಚುಕ್ಕೆ ಎಂದರೆ ಸಾಲಿಗೆ 11 ಬೈಟ್, 24 ಸಾಲಿಗೆ 264. ಐದು ಪದಕ್ಕೆ 1320. ಇಡೀ ಪರದೆಯ ನಕಲು ಇಟ್ಟುಕೊಳ್ಳಲು ಯು8ಜಿ2ಗೆ 528. ಕೂಡಿಸಿದರೆ 1848. ಉಳಿದದ್ದು 200 ಬೈಟ್, ಅದರಲ್ಲಿ ಸೀರಿಯಲ್ ಬಫರ್, ನಿಮ್ಮ ವೇರಿಯಬಲ್‌ಗಳು, ಸ್ಟ್ಯಾಕ್ ಎಲ್ಲ ಸಂಸಾರ ಹೂಡಬೇಕು.

ಚಿತ್ರಗಳು ರ‍್ಯಾಮಿನಲ್ಲಿ ಯಾಕಿವೆ ಎಂದರೆ, ಈ ಚಿಪ್‌ನಲ್ಲಿ ಸುಮ್ಮನೆ ಕಾನ್ಸ್ಟ್ (ಬದಲಾಗದ್ದು) ಎಂದು ಬರೆದರೆ ಸಾಲದು. ಶುರುವಾಗುವಾಗ ಎಲ್ಲವನ್ನೂ ರ‍್ಯಾಮಿಗೆ ನಕಲು ಮಾಡಿಕೊಳ್ಳುತ್ತದೆ. ಅರೇ ಮುಂದೆ ಪ್ರೊಗ್‌ಮೆಮ್ ಸೇರಿಸಿ. ಆಗ ಅವು ಫ್ಲ್ಯಾಶ್‌ನಲ್ಲೇ ಉಳಿಯುತ್ತವೆ.

ಹಿತ್ತಲಮನೆ · ಭಾನುವಾರ, ರಾತ್ರಿ 9:20

ಸೇರಿಸಿದೆ. ಕಂಪೈಲ್ ಆಯಿತು. ಪರದೆ ತುಂಬ ರಾಗಿ ಚೆಲ್ಲಿದ ಹಾಗೆ ಚುಕ್ಕೆ.

ಬೆಸುಗೆಕೋಲು · ಭಾನುವಾರ, ರಾತ್ರಿ 9:24

ಚಿತ್ರ ಹಾಕುವ ಆಜ್ಞೆಯನ್ನು ಡ್ರಾಎಕ್ಸ್‌ಬಿಎಂ ಅಂತ ಕರೆದಿದ್ದೀರಿ. ಕೊನೆಗೊಂದು ‘ಪಿ’ ಬೇಕು, ಡ್ರಾಎಕ್ಸ್‌ಬಿಎಂಪಿ. ‘ಪಿ’ ಇಲ್ಲದಿದ್ದರೆ ಅದು ಫ್ಲ್ಯಾಶ್‌ನ ವಿಳಾಸ ಹಿಡಿದುಕೊಂಡು ರ‍್ಯಾಮಿನಲ್ಲಿ ಹುಡುಕುತ್ತದೆ. ಮನೆ ನಂಬರ್ ಸರಿ, ಬೀದಿ ಬೇರೆ.

ಅಂದ ಹಾಗೆ, ಆ ನೋಕಿಯಾ ಪರದೆ 3.3 ವೋಲ್ಟಿನದು. ಊನೊ ಪಿನ್ ಕೊಡುವುದು 5 ವೋಲ್ಟ್. ನೇರ ಸಿಕ್ಕಿಸಿದ್ದೀರಾ?

ಹಿತ್ತಲಮನೆ · ಭಾನುವಾರ, ರಾತ್ರಿ 9:31

‘ಪಿ’ ಹಾಕಿದೆ. ಬಂತು. ಐದೂ ಪದ ಬಂದವು.

ಎರಡನೇ ಪ್ರಶ್ನೆಗೆ… ಹೌದು, ನೇರ ಸಿಕ್ಕಿಸಿದ್ದೇನೆ. ಎಲ್ಲರೂ ಹಾಗೇ ಮಾಡುತ್ತಾರಲ್ಲ?

ಬೆಸುಗೆಕೋಲು · ಭಾನುವಾರ, ರಾತ್ರಿ 9:38

ಮಾಡುತ್ತಾರೆ, ಒಂದಷ್ಟು ದಿನ ನಡೆಯುತ್ತದೆ ಕೂಡ. ಪ್ರತಿ ಸಿಗ್ನಲ್ ವೈರಿಗೆ ಒಂದು 10 ಕಿಲೊಓಮ್ ರೆಸಿಸ್ಟರ್ ಹಾಕಿ, ಇಲ್ಲವೇ ವೋಲ್ಟ್ ಇಳಿಸಿಕೊಡುವ ಒಂದು 4050 ಚಿಪ್. ಪವರ್ ಅನ್ನು ಊನೊದ 3.3 ಪಿನ್‌ನಿಂದಲೇ ಕೊಡಿ. ಇವತ್ತೇ ಮಾಡಿ.

ಮಗಳಪಾಠ · ಸೋಮವಾರ, ಬೆಳಗಿನ ಜಾವ 2:14

ಇಂಗ್ಲೆಂಡಿನಿಂದ ಇಣುಕುತ್ತಿದ್ದೇನೆ, ಇಲ್ಲಿ ಇನ್ನೂ ರಾತ್ರಿ. ನನ್ನ ಮಗಳ ಬಳಿ ಮೈಕ್ರೊಬಿಟ್ ಇದೆ. 2016ರಲ್ಲಿ ಬಿಬಿಸಿಯವರು ಇಲ್ಲಿನ ‘ಇಯರ್ 7’ ತರಗತಿಯ (11-12 ವಯಸ್ಸಿನ) ಶಾಲಾ ಮಕ್ಕಳಿಗೆಲ್ಲ ಪುಕ್ಕಟೆ ಹಂಚಿದ ಬೋರ್ಡು. ಅದರಲ್ಲಿ ಪರದೆ ಎಂದರೆ 5×5, ಇಪ್ಪತ್ತೈದೇ ದೀಪ. ಈ ಮಾತುಕತೆ ಓದಿ ಹೇಳಿದೆ. “ಅಷ್ಟರಲ್ಲಿ ಯಾವ ಕನ್ನಡ ಅಕ್ಷರ ಹಿಡಿಯುತ್ತೆ?” ಎಂದು ಹುಡುಕಲು ಕೂತಳು. ಸೊನ್ನೆ ಹಿಡಿಯಿತು. ಆಮೇಲೆ ಅವಳೇ ‘ಠ’ ಮಾಡಿದಳು. ಮೇಲೊಂದು ಗೆರೆ, ಕೆಳಗೆ ಸುತ್ತು, ಒಳಗೊಂದು ಚುಕ್ಕೆ. ಅವಳ ಗೆಳತಿಯರಿಗೆ ಅದು ಅಕ್ಷರ ಎಂದೇ ಗೊತ್ತಿಲ್ಲ, ಹುಬ್ಬು ಗಂಟಿಕ್ಕಿದ ಕಣ್ಣು ಅಂದುಕೊಂಡಿದ್ದಾರೆ. ಇಂಟರ್ನೆಟ್ಟಿನಲ್ಲಿ ಎಲ್ಲರೂ ಬಳಸುವ ಠ_ಠ ಮುಖ ನಮ್ಮ ಕನ್ನಡದ್ದು ಎಂದು ಈಗ ಶಾಲೆಯಲ್ಲಿ ಪಾಠ ಮಾಡುತ್ತಿದ್ದಾಳೆ.

ನೆಲ್ಲಿಕಾಯಿಪೈ · ಸೋಮವಾರ, ಬೆಳಿಗ್ಗೆ 9:00

ಪಿಕೊ ವಿಷಯದಲ್ಲಿ ನಾನು ದುಡುಕಿದೆ, ಒಪ್ಪಿದೆ. ಆದರೆ ಪದ ಯಾಕೆ, ಸಂಖ್ಯೆ ಕೊಡಬಹುದಲ್ಲ? ಶೇಕಡಾ 63 ಅಂತ. ಕನ್ನಡ ಅಂಕಿ ಬೇಕಾದರೆ ಹತ್ತೇ ಚಿತ್ರ ಸಾಕು, ಯಾವ ಸಂಖ್ಯೆಯನ್ನಾದರೂ ಜೋಡಿಸಬಹುದು.

ಹಿತ್ತಲಮನೆ · ಸೋಮವಾರ, ಮಧ್ಯಾಹ್ನ 1:10

ಕನ್ನಡ ಅಂಕಿ ಮಾಡಿ ತೋರಿಸಿದೆ. ೬ ಮತ್ತು ೯ ಆ ಸಣ್ಣ ಚುಕ್ಕೆಗಳಲ್ಲಿ ಒಂದೇ ಥರ ಕಂಡವು. ಇಂಗ್ಲಿಷ್ ಅಂಕಿ ಅಮ್ಮನಿಗೆ ಬರುತ್ತದೆ, ಬಸ್ಸು, ಫೋನು ಎಲ್ಲ ಅದರಲ್ಲೇ. 63 ನೋಡಿದರು. “ಅಂದರೆ ಮುಕ್ಕಾಲು ಇಲ್ಲ, ಅರ್ಧಕ್ಕಿಂತ ಜಾಸ್ತಿ, ಅಲ್ವಾ?” ಎಂದರು. ಅವರೇ ತಲೆಯಲ್ಲಿ ಪದಕ್ಕೆ ಇಳಿಸಿಕೊಳ್ಳುತ್ತಿದ್ದಾರೆ. ಹಾಗಾದರೆ ಬೋರ್ಡೇ ಇಳಿಸಲಿ ಎಂದು ಪದವನ್ನೇ ಉಳಿಸಿಕೊಂಡೆ.

ಇನ್ನೊಂದು: ನೀರು ಅರ್ಧ-ಮುಕ್ಕಾಲಿನ ಗಡಿಯಲ್ಲಿದ್ದಾಗ ಪರದೆ ಎರಡರ ನಡುವೆ ಕುಣಿಯುತ್ತದೆ. ಪೂರ್ತಿ ತುಂಬಿದಾಗ ‘ಕಾಲು’ ಅಂತಲೂ ತೋರಿಸಿತು ಒಮ್ಮೆ.

ಸಂತೆಬೀದಿ · ಸೋಮವಾರ, ರಾತ್ರಿ 7:45

ಕುಣಿತಕ್ಕೆ: ಐದು ಸಲ ಅಳೆದು, ಸಾಲಾಗಿ ಜೋಡಿಸಿ ನಡುವಿನದ್ದನ್ನು ತಗೊಳ್ಳಿ. ಸರಾಸರಿ ಬೇಡ, ಒಂದು ಹುಚ್ಚು ಅಳತೆ ಬಂದರೆ ಸರಾಸರಿಯೂ ಕೆಡುತ್ತದೆ. ಪದ ಬದಲಾಗಲು ಗಡಿ ದಾಟಿ ಇನ್ನೂ ಮೂರು ಸೆಂಟಿಮೀಟರ್ ಹೋಗಬೇಕು ಎಂದು ಇಡಿ. ಟ್ಯಾಂಕಿಗೆ ನೀರು ಬೀಳುವಾಗ ಅಲೆ ಇರುತ್ತದೆ.

ತುಂಬಿದಾಗ ಕಾಲು ಎಂದದ್ದು ಸೆನ್ಸರಿನ ಕುರುಡು ಜಾಗ. ಆ ವಾಟರ್‌ಪ್ರೂಫ್ ಸೆನ್ಸರ್ ಸುಮಾರು 25 ಸೆಂಟಿಮೀಟರಿಗಿಂತ ಹತ್ತಿರದ್ದನ್ನು ನೋಡಲಾರದು. ಕೂಗಿದ ಕಂಪನ ನಿಲ್ಲುವ ಮೊದಲೇ ಮಾರ್ದನಿ ಬಂದುಬಿಡುತ್ತದೆ. ಮುಚ್ಚಳದ ಮೇಲೆ ಅಗಲದ ಪೈಪಿನ ತುಂಡು ನಿಲ್ಲಿಸಿ, ಸೆನ್ಸರ್ ಅನ್ನು ಅದರ ನೆತ್ತಿಗೆ ಏರಿಸಿ. ಪೈಪ್ ಸಪೂರವಾದರೆ ಅದರ ಗೋಡೆಯೇ ಮಾರ್ದನಿ ಕೊಡುತ್ತದೆ, ಹುಷಾರು.

ಚುಕ್ಕೆರಂಗೋಲಿ · ಸೋಮವಾರ, ರಾತ್ರಿ 8:10

ಕೋಡಿನಲ್ಲಿ ಮಿಲಿಸ್ (ಬೋರ್ಡು ಶುರುವಾದಾಗಿನಿಂದ ಮಿಲಿಸೆಕೆಂಡ್ ಎಣಿಸುವ ಗಡಿಯಾರ) ಬಳಸಿದ್ದರೆ ಕಳೆಯುವ ಲೆಕ್ಕವನ್ನೇ ಇಡಿ: ಈಗಿನ ಸಮಯದಿಂದ ಹಿಂದಿನದನ್ನು ಕಳೆದು, ಬಂದದ್ದನ್ನು ಅವಧಿಗೆ ಹೋಲಿಸಬೇಕು. ‘ಇಷ್ಟು ಹೊತ್ತಾದ ಮೇಲೆ’ ಎಂದು ಕೂಡಿಸಿಟ್ಟುಕೊಂಡರೆ ಎಡವುತ್ತೀರಿ. 49.7 ದಿನಕ್ಕೆ ಆ ಎಣಿಕೆ ಸೊನ್ನೆಗೆ ಬರುತ್ತದೆ. ನನ್ನ ಮೀನಿನ ತೊಟ್ಟಿಯ ದೀಪ 50ನೇ ದಿನ ಆರದೆ ರಾತ್ರಿಯಿಡೀ ಉರಿಯಿತು.

ಹಿತ್ತಲಮನೆ · ಸೋಮವಾರ, ರಾತ್ರಿ 8:22

ನಮ್ಮೂರಲ್ಲಿ 49 ದಿನ ಕರೆಂಟು ಹೋಗದೆ ಇದ್ದರೆ ತಾನೆ ಆ ತೊಂದರೆ! ಆದರೂ ತಿದ್ದಿದ್ದೇನೆ, ಇನ್ವರ್ಟರ್ ಇದೆ.

ಪಿನ್‌ಹದಿಮೂರು · ಸೋಮವಾರ, ರಾತ್ರಿ 9:00

ನನ್ನ ಓಟು ಈಗಲೂ ಮೂರು ಎಲ್‌ಇಡಿಗೇ. ಆದರೆ 40 ಮೀಟರ್ ವೈರ್ ಗುಡ್ಡದಿಂದ ಇಳಿದಿದೆ ಎಂದಿರಲ್ಲ. ಏಪ್ರಿಲ್, ಮೇ ಗುಡುಗು ಶುರುವಾದರೆ ಆ ವೈರಿನ ಪ್ಲಗ್ ಕಿತ್ತಿಡಲು ಅಮ್ಮನಿಗೆ ಹೇಳಿ. ಎರಡು ಮ್ಯಾಕ್ಸ್485 ಹೆಚ್ಚಿಗೆ ತಂದಿಡಿ.

ಹಿತ್ತಲಮನೆ · ಎರಡು ತಿಂಗಳ ನಂತರ, ಭಾನುವಾರ, ಸಂಜೆ 5:30

ಡಬ್ಬಿ ನಡೆಯುತ್ತಿದೆ. ಒಂದು ಮ್ಯಾಕ್ಸ್485 ಹೋಯಿತು, ಪಿನ್‌ಹದಿಮೂರು ಅವರ ಮಾತಿನಂತೆ ತಂದಿಟ್ಟಿದ್ದರಿಂದ ಅರ್ಧ ಗಂಟೆಯಲ್ಲಿ ಸರಿಯಾಯಿತು.

ಒಂದು ಚಿತ್ರ ಮಾತ್ರ ಬದಲಾಯಿಸಬೇಕಾಯಿತು. ಮೊದಲ ಸಲ ಟ್ಯಾಂಕ್ ಬರಿದಾದ ದಿನ ಅಮ್ಮ ಫೋನ್ ಮಾಡಿದರು. “ಅಡುಗೆಮನೆ ಗೋಡೆ ಮೇಲೆ ‘ಖಾಲಿ’ ಅಂತ ಬರೆದು ಹಾಕಿದ್ದೀಯಲ್ಲೋ, ಪಕ್ಕದಲ್ಲೇ ಅಕ್ಕಿ ಡಬ್ಬ ಇದೆ. ಬಂದವರು ನೋಡಿದರೆ ಏನಂದುಕೊಳ್ಳಬೇಕು? ಮೊದಲು ಅದನ್ನು ತೆಗೆ.” ಏನು ಬರೆಯಲಿ ಎಂದು ಕೇಳಿದೆ. ಸ್ವಲ್ಪ ಹೊತ್ತು ಯೋಚಿಸಿ, “ಮೋಟರ್ ಹಾಕು ಅಂತ ಬರಿ” ಎಂದರು.

ಮೊನ್ನೆ ಊರಿಗೆ ಹೋದಾಗ ಜಿಂಪ್‌ನಲ್ಲಿ ‘ಮೋಟರ್ ಹಾಕು’ ಮಾಡಿದೆ. 84 ಚುಕ್ಕೆಯಲ್ಲಿ ಒಂದೇ ಸಾಲಿಗೆ ಹಿಡಿಯಲಿಲ್ಲ, ಎರಡು ಸಾಲು ಮಾಡಿ 84×48 ಪೂರ್ತಿ ತುಂಬಿಸಿದೆ. 528 ಬೈಟ್. ಅಮ್ಮ ಪಕ್ಕದಲ್ಲಿ ಕೂತು ‘ಹಾ’ದ ತಲೆ ಒಡೆದಿದೆ ಎಂದು ತೋರಿಸಿದರು, ತಿದ್ದಿದೆ.

ಪಿನ್‌ಹದಿಮೂರು · ಭಾನುವಾರ, ಸಂಜೆ 6:02

ಆ ‘ಮೋಟರ್ ಹಾಕು’ ಅರೇ ಇಲ್ಲಿ ಹಾಕಿ. ನಮ್ಮ ಮನೆಯಲ್ಲೂ ಕೇಳುತ್ತಿದ್ದಾರೆ.